ಮಕ್ಕಳೆಷ್ಟು ಎಂದು ಗಿರಿಜಾಂಬಾ ಕೇಳಿದರು

ನನಗೆ ಕೋಪ ಬೇಗ. ಮೂವತ್ತು ವರ್ಷ ಒಲೆ ಮುಂದೆ ನಿಂತವನಿಗೆ ಅದು ಸಹಜ ಎಂದು ನಾನು ಹೇಳಿಕೊಳ್ಳುತ್ತೇನೆ. "ಒಲೆ ಹಚ್ಚೋಕೆ ಮುಂಚೆನೂ ಹೀಗೇ ಇದ್ರಿ," ಅನ್ನುತ್ತಾಳೆ ನನ್ನ ಹೆಂಡತಿ ರಕ್ಷಿತಾ. ನನ್ನ ಹೆಸರು ಬದರೀನಾರಾಯಣ, ಮನೆ ಚಾಮರಾಜಪೇಟೆ, ಮದುವೆ ಮುಂಜಿಗಳಿಗೆ ಅಡುಗೆ ಮಾಡುವುದು ಕಸುಬು. ಏಳನೇ ಕ್ಲಾಸಿಗೆ ಶಾಲೆ ಮುಗಿಯಿತು. ಇಂಥವನು ಪೆನ್ನು ಹಿಡಿದಿರುವುದು ಗಿರಿಜಾಂಬಾ ಅವರಿಗೋಸ್ಕರ. ಸನ್ಮಾನ, ಶಾಲು, ಹಾರ ಇವೆಲ್ಲ ಅಂಥವರ ಮನೆಗೆ ಹೋಗುವುದಿಲ್ಲ. ಯಾರಾದರೂ ಎರಡು ಮಾತು ಬರೆದಿಡಬೇಕು.

ನಮ್ಮ ಬೀದಿಯ ಕೊನೆಯ ಮನೆ ಅವರದು. ಹಿಂದೆ ಮುಂದಿನ ಕೋಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಈಗ ಅದೇ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು. ಪಿಂಚಣಿ, ರೇಷನ್ ಕಾರ್ಡು, ಪಾಸ್‌ಪೋರ್ಟು, ಯಾವ ಅರ್ಜಿ ಇದ್ದರೂ ಜನ ಅಲ್ಲಿಗೇ ಹೋಗುತ್ತಾರೆ. ಅರವತ್ತೆಂಟು ವಯಸ್ಸಾದರೂ ಬೆನ್ನು ಬಗ್ಗಿಲ್ಲ. ಅವರದೊಂದು ಪದ್ಧತಿ ಇದೆ. ಪ್ರಶ್ನೆಯನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದುತ್ತಾರೆ, ಉತ್ತರವನ್ನು ನಾವು ಗಟ್ಟಿಯಾಗಿ ಹೇಳಬೇಕು. ನಾವು ಬಾಯಲ್ಲಿ ಹೇಳದ ಒಂದಕ್ಷರವನ್ನೂ ಅವರು ಒತ್ತುವುದಿಲ್ಲ. ಸುಮ್ಮನೆ ತಲೆ ಆಡಿಸಿದರೆ, "ತಲೆ ಟೈಪ್ ಆಗಲ್ಲ ಸ್ವಾಮಿ, ಬಾಯಿ ಬಿಡಿ," ಅನ್ನುತ್ತಾರೆ.

ನಾವು ಅವರ ಹತ್ತಿರ ಹೋದದ್ದು ಅಮೆರಿಕದ ವೀಸಾ ಲಾಟರಿಯ ಅರ್ಜಿ ತುಂಬಿಸಲು. ಬಸವನಗುಡಿಯ ಒಂದು ಮದುವೆಯಲ್ಲಿ ಅಮೆರಿಕದಿಂದ ಬಂದಿದ್ದವರೊಬ್ಬರು ನನ್ನ ಬಿಸಿಬೇಳೆ ಭಾತು ತಿಂದು ಅಡುಗೆಮನೆಗೇ ಹುಡುಕಿಕೊಂಡು ಬಂದರು. ಅಮೆರಿಕದ ನಮ್ಮ ದೇವಸ್ಥಾನಗಳಿಗೆ ನಿಮ್ಮಂಥವರು ಬೇಕು ಭಟ್ಟರೇ ಅಂದರು. ಮಾತಿಗೆ ಮಾತು ಬಂದು, ನಾನು ಹುಟ್ಟಿದ್ದು ಕಠ್ಮಂಡುವಿನಲ್ಲಿ ಅಂದೆ. ಅಲ್ಲಿಯ ಪಶುಪತಿನಾಥನ ಪೂಜೆಗೆ ನಮ್ಮ ದಕ್ಷಿಣದ ಭಟ್ಟರೇ ಹೋಗುವುದು; ನಮ್ಮಪ್ಪ ಅವರಿಗೆ ಅಡುಗೆ ಮಾಡಿಕೊಂಡು ಕೆಲವು ವರ್ಷ ಅಲ್ಲಿದ್ದರು. ಅದನ್ನು ಕೇಳಿ ಅವರು ಕುಣಿದೇಬಿಟ್ಟರು. "ಇಂಡಿಯಾದಲ್ಲಿ ಹುಟ್ಟಿದವರಿಗೆ ಆ ಲಾಟರಿ ಇಲ್ಲ, ನೇಪಾಳದಲ್ಲಿ ಹುಟ್ಟಿದವರಿಗೆ ಇದೆ. ಹೆಸರು ಬಂದು ಇಂಟರ್ವ್ಯೂ ಪಾಸಾದ್ರೆ ಇಡೀ ಸಂಸಾರಕ್ಕೆ ವೀಸಾ!"

ನನಗಿಂತ ರಕ್ಷಿತಾಳಿಗೆ ಆಸೆ ಹತ್ತಿತು. ಅವಳು ಪಿಯುಸಿ ಪಾಸಾದವಳು. ಹೊಗೆ ಕುಡಿದು ಕುಡಿದು ನನಗೆ ಹತ್ತಿದ್ದ ಕೆಮ್ಮು ಕೇಳಿ ಅವಳಿಗೆ ಸಾಕಾಗಿತ್ತು. ಮಗಳು ಆರಾಧನಾಳ ಓದಿನ ಯೋಚನೆಯೂ ಇತ್ತು. ಅಕ್ಟೋಬರ್‌ನಲ್ಲಿ ಅರ್ಜಿ ತೆರೆದ ಮೂರನೇ ದಿನ ಇಬ್ಬರೂ ಹೋಗಿ ಕೂತೆವು.

ಗಿರಿಜಾಂಬಾ ನಿಯಮಗಳನ್ನೆಲ್ಲ ಮೊದಲೇ ಓದಿಟ್ಟಿದ್ದರು. "ಹನ್ನೆರಡು ವರ್ಷ ಓದಿರಬೇಕು ಅಂತಿದೆ. ನೀವು ಎಷ್ಟು ಓದಿದೀರಿ?"

"ಏಳು."

"ಹಾಗಾದ್ರೆ ಅರ್ಜಿ ರಕ್ಷಿತಾ ಹೆಸರಲ್ಲಿ. ಗಂಡ ಹುಟ್ಟಿದ ದೇಶ ಹೇಳ್ಕೋಬಹುದು ಅಂತ ಕೊಟ್ಟಿದಾರೆ."

ನನಗೆ ಏರಿಬಿಟ್ಟಿತು. "ಅಲ್ರೀ, ಕಠ್ಮಂಡುವಲ್ಲಿ ಹುಟ್ಟಿದ್ದು ನಾನು, ಅರ್ಜಿ ಅವಳದಾ?"

"ಹುಟ್ಟಿದ್ದು ನೀವು, ಓದಿದ್ದು ಅವರು. ಇಬ್ರನ್ನೂ ಸೇರಿಸಿದ್ರೇನೇ ಒಂದು ಅರ್ಜಿ ಆಗೋದು. ಕೂತ್ಕೊಳ್ಳಿ."

ರಕ್ಷಿತಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾನು ಕೂತೆ. ಹೆಸರು, ಊರು, ಮದುವೆಯ ವಿಷಯ ಎಲ್ಲ ಆಯಿತು. ಆಮೇಲೆ ಅವರು ಓದಿದರು: "ಮಕ್ಕಳೆಷ್ಟು?"

"ಒಬ್ಬಳು," ಎಂದೆ.

ರಕ್ಷಿತಾ ತಲೆ ತಗ್ಗಿಸಿದಳು. ಗಿರಿಜಾಂಬಾ ಅವಳ ಮುಖ ನೋಡಿದರು. ಆಮೇಲೆ ತೆರೆಯ ಮೇಲೆ ಬೆರಳಿಟ್ಟು ಮತ್ತೆ ನಿಧಾನವಾಗಿ ಓದಿದರು. "ನಿಮಗೆ ಹುಟ್ಟಿದ ಮಕ್ಕಳೆಲ್ಲ. ಜೊತೇಲಿರಲಿ ಬಿಡಲಿ, ಜೊತೆಗೆ ಬರಲಿ ಬಿಡಲಿ. ಒಬ್ಬರನ್ನ ಬಿಟ್ರೂ ಆಮೇಲೆ ವೀಸಾ ಸಿಗಲ್ಲ."

"ಇಬ್ರು," ಎಂದಳು ರಕ್ಷಿತಾ, ನೆಲ ನೋಡಿಕೊಂಡು.

ಇಲ್ಲಿ ಹಿಂದಿನದನ್ನು ಹೇಳಬೇಕು. ನಮ್ಮಣ್ಣ ಗೌರೀಶನಿಗೂ ಅತ್ತಿಗೆಗೂ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ನಮಗೆ ಎರಡನೆಯವನು ಸಮರ್ಥ ಹುಟ್ಟಿದಾಗ ನಮ್ಮಮ್ಮ ಹಾಸಿಗೆ ಹಿಡಿದಿದ್ದಳು. ಇವನನ್ನ ಅವನಿಗೆ ಕೊಡೋ ಅಂದಳು. ಹನ್ನೊಂದು ತಿಂಗಳ ಮಗುವನ್ನು ದತ್ತು ಹೋಮ ಮಾಡಿ, ಅಣ್ಣನ ತೊಡೆಯ ಮೇಲೆ ಕೂರಿಸಿ ಕೊಟ್ಟೆವು. ಆಮೇಲೆ ಅವನ ಮೂರನೇ ವರ್ಷದ ಹುಟ್ಟುಹಬ್ಬಕ್ಕೆ ಮಲ್ಲೇಶ್ವರದ ಅವರ ಮನೆಗೆ ಹೋದಾಗ, ಅವನು ಬಿದ್ದು ಅತ್ತ. ರಕ್ಷಿತಾ ಎತ್ತಿಕೊಂಡಳು. ಅತ್ತಿಗೆ ಬಂದು ಅವಳ ಕೈಯಿಂದ ಕಿತ್ತುಕೊಂಡರು. ನಾನು ಸುಮ್ಮನಿರಬೇಕಿತ್ತು. ನೆಂಟರೆಲ್ಲರ ಮುಂದೆ, "ಕೊಟ್ಟವನಿಗೆ ವಾಪಸ್ ತಗೊಳ್ಳೋಕೂ ಗೊತ್ತು," ಎಂದು ಕೂಗಿಬಿಟ್ಟೆ. ಅವತ್ತಿಗೆ ಹೋಗಿಬರುವುದು ನಿಂತಿತು. ಐದು ವರ್ಷ.

"ಅವನನ್ನ ಶಾಸ್ತ್ರವಾಗಿ ಕೊಟ್ಟಾಗಿದೆ," ಎಂದು ಗಿರಿಜಾಂಬಾ ಅವರ ಮೇಜು ಗುದ್ದಿದೆ. "ಅವನು ನಮ್ಮಣ್ಣನ ಮಗ. ಬರೀಬೇಡಿ!"

"ಜನನ ಪ್ರಮಾಣಪತ್ರದಲ್ಲಿ ಯಾರ ಹೆಸರಿದೆ?"

"ನಮ್ಮದೇ."

"ದತ್ತು ಪತ್ರ ರಿಜಿಸ್ಟರ್ ಮಾಡ್ಸಿದೀರಾ?"

"ಅಣ್ಣ ತಮ್ಮಂದಿರ ಮಧ್ಯೆ ರಿಜಿಸ್ಟರ್ ಯಾಕ್ರೀ? ಅಗ್ನಿ ಇತ್ತಲ್ಲ!"

"ಅಗ್ನೀನ ಸ್ಕ್ಯಾನ್ ಮಾಡೋಕೆ ಆಗಲ್ವಲ್ಲ ಭಟ್ರೇ," ಎಂದರು ಅವರು. ದನಿ ಏರಿಸಲಿಲ್ಲ. "ಕಾಗದದಲ್ಲಿ ಇವತ್ತಿಗೂ ಅವನು ನಿಮ್ಮ ಮಗ. ಅವನ ಹೆಸರೂ ಬೇಕು, ಆರು ತಿಂಗಳೊಳಗಿನ ಫೋಟೋನೂ ಬೇಕು."

ನಾನು ಎದ್ದೆ. ಬೇರೆ ಕಡೆ ಹೋಗಿ ತುಂಬಿಸ್ತೀನಿ, ಊರಲ್ಲಿ ಕಂಪ್ಯೂಟರ್ ಇರೋದು ನಿಮ್ಮೊಬ್ಬರ ಹತ್ತಿರಾನಾ ಎಂದೆ. ಆಗ ರಕ್ಷಿತಾ ತಲೆ ಎತ್ತಿದಳು. "ಅರ್ಜಿ ನನ್ನ ಹೆಸರಲ್ಲಿ ತಾನೆ? ಸಮರ್ಥನ್ನ ಬಿಟ್ಟು ನಾನು ಹಾಕಲ್ಲ. ಹೆತ್ತಿಲ್ಲ ಅಂತ ಬರೆದು ನನಗೆ ಯಾವ ದೇಶಾನೂ ಬೇಡ."

ಐದು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ನನಗೆ ಹೆದರಿ ಅವಳು ಅದನ್ನು ಎತ್ತುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದೆ. ಕೋಪ ಮಾತ್ರ ಜೊತೆಗೆ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಗಿರಿಜಾಂಬಾ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಹಾಳೆ. ಆ ನಿಯಮವನ್ನು ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ತಂದಿದ್ದರು. "ಫೋಟೋ ಕೇಳೋಕೆ ನೀವು ಹೋದ್ರೆ ಜಗಳ ಆಗತ್ತೆ. ನಾನೂ ಬರ್ತೀನಿ. ನಾನು ಹೇಳೋ ತನಕ ನೀವು ಬಾಯಿ ಬಿಡಬಾರದು. ಆಟೋ ಕರೀರಿ." ಅಂಗಡಿ ಮುಚ್ಚಿ ಬಂದಿದ್ದರು. ಅವರಿಗೆ ನಾವು ಏನೂ ಆಗಬೇಕಿರಲಿಲ್ಲ.

ಮಲ್ಲೇಶ್ವರದಲ್ಲಿ ಅತ್ತಿಗೆ ಬಾಗಿಲು ತೆರೆದವರು ರಕ್ಷಿತಾಳೂ ಸೇರಿ ನಮ್ಮ ಮೂವರನ್ನು ನೋಡಿ ಅಡ್ಡ ನಿಂತರು. ಮುಖ ಬಿಳಿಚಿತ್ತು. "ಮಗೂನ ಕೇಳೋಕೆ ಬಂದ್ರಾ?"

"ಫೋಟೋ ಕೇಳೋಕೆ ಬಂದ್ವಿ," ಎಂದರು ಗಿರಿಜಾಂಬಾ. "ನಾನು ಅರ್ಜಿ ತುಂಬಿಸೋಳು. ಒಳಗೆ ಬರಬಹುದಾ?"

ಅಣ್ಣ ಬಂದು ಅವರನ್ನು ಒಳಗೆ ಕರೆದ, ನಾವೂ ಹಿಂದೆ ಹೋದೆವು. ಗಿರಿಜಾಂಬಾ ಹಾಳೆಯನ್ನು ಎರಡು ಸಲ ಓದಿದರು. ಅತ್ತಿಗೆ ಕಂಬಕ್ಕೆ ಒರಗಿ ನಿಂತೇ ಇದ್ದರು. "ಹೆಸರು ಬರೆದುಬಿಟ್ರೆ ಅವನನ್ನೂ ಕರ್ಕೊಂಡು ಹೋಗಬೇಕಾಗತ್ತಾ?"

"ಬೇಕಾಗಿಲ್ಲ. ಇದ್ದಾನೆ ಅಂತ ಹೇಳೋದಷ್ಟೆ."

"ನಿಮ್ಮ ಮಾತು ಸರಿ. ಇವರನ್ನ ಹೇಗೆ ನಂಬೋದು? ವಾಪಸ್ ತಗೊಳ್ತೀನಿ ಅಂದವರು ಇವರೇ ಅಲ್ವಾ?"

ಗಿರಿಜಾಂಬಾ ನನ್ನ ಕಡೆ ತಿರುಗಿದರು. "ಹೇಳಿ ಭಟ್ರೇ. ಈಗ ಬಾಯಿ ಬಿಡಿ. ಸಮರ್ಥ ಯಾರ ಮನೇಲಿರ್ತಾನೆ?"

ಐನೂರು ಎಲೆಯ ಅಡುಗೆಯಲ್ಲಿ ಈ ಕಡೆಯಿಂದ ಆ ಕಡೆಗೆ ಕೂಗಿ ಮಾತಾಡುವವನು ನಾನು. ಅವತ್ತು ಅತ್ತಿಗೆಯ ಕಡೆ ಬರೀ ತಲೆ ಆಡಿಸಿದೆ.

"ಗಟ್ಟಿಯಾಗಿ."

"ಇಲ್ಲೇ ಇರ್ತಾನೆ ಅತ್ತಿಗೆ," ಎಂದೆ. "ಅವನು ನಿಮ್ಮ ಮಗ. ಅವತ್ತು ಆ ಮಾತು ಅನ್ನಬಾರದಿತ್ತು. ತಪ್ಪು ನಂದು."

ಅತ್ತಿಗೆ ರಕ್ಷಿತಾಳನ್ನು ನೋಡಿದರು. ರಕ್ಷಿತಾ ಅಳುತ್ತಿದ್ದಳು. ಅತ್ತಿಗೆ ತಿರುಗಿ ಒಳಗೆ ಹೋದರು. ಇನ್ನು ಎದ್ದು ಹೊರಡುವುದೇ ಅಂದುಕೊಂಡೆ. ಐದು ನಿಮಿಷಕ್ಕೆ ಬಂದರು, ಸಮರ್ಥನ ಕೈ ಹಿಡಿದು. ಮುಖ ತೊಳೆಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿಸಿದ್ದರು.

ಹಿಂದೆ ಬಿಳಿ ಇರಬೇಕು ಎಂದರು ಗಿರಿಜಾಂಬಾ. ಆ ಮನೆಯ ಗೋಡೆಗಳೆಲ್ಲ ಹಸಿರು. ಅಣ್ಣ ಒಗೆದ ಪಂಚೆ ತಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಮಧ್ಯೆ ಸಮರ್ಥ ಸ್ಟೂಲಿನ ಮೇಲೆ ಕೂತ.

"ಎತ್ತಿ ಹಿಡಿಯೋ ಬದರಿ, ಜೋತುಬಿದ್ದಿದೆ," ಎಂದ ಅಣ್ಣ. ಐದು ವರ್ಷದ ಮೇಲೆ ಅವನು ನನ್ನ ಹತ್ತಿರ ಆಡಿದ ಮೊದಲ ಮಾತು.

"ನೀನು ಬಗ್ಗಿಸಿದೀಯ, ನೋಡ್ಕೋ," ಎಂದೆ.

"ಚಿಕ್ಕಪ್ಪ, ನಾನು ನಗಬಾರದಾ?" ಎಂದ ಸಮರ್ಥ.

"ಯಾರೂ ನಗಬಾರದು," ಎಂದು ಗಿರಿಜಾಂಬಾ ಗದರಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು. ಅವತ್ತು ಸಂಜೆಯೇ ಅರ್ಜಿ ಹೋಯಿತು. ಮಕ್ಕಳೆಷ್ಟು ಎಂದು ಅವರು ಮತ್ತೆ ಮೊದಲಿನಿಂದ ಕೇಳಿದರು. ಇಬ್ಬರು ಎಂದು ಬೀದಿಗೆ ಕೇಳುವಂತೆ ಹೇಳಿದೆ.

ಮೇ ತಿಂಗಳ ಮೊದಲ ವಾರ ಫಲಿತಾಂಶ. ಗಿರಿಜಾಂಬಾ ನಂಬರು ಒತ್ತಿ, ತೆರೆಯನ್ನು ನಮ್ಮ ಕಡೆ ತಿರುಗಿಸಿ, "ಆಯ್ಕೆ ಆಗಿಲ್ಲ," ಎಂದು ಓದಿದರು. ರಕ್ಷಿತಾ ತಾನೂ ಅದನ್ನೊಮ್ಮೆ ಓದಿಕೊಂಡು, "ಅಕ್ಟೋಬರ್‌ಗೆ ಮತ್ತೆ ಹಾಕೋಣ ಮೇಡಂ," ಎಂದಳು. ನನಗೆ ಬೇಸರ ಆಗಲಿಲ್ಲ ಎಂದರೆ ಸುಳ್ಳು. ಆದರೆ ನಿಂತು ಬೇಸರ ಮಾಡಲು ಪುರುಸೊತ್ತಿರಲಿಲ್ಲ. ಅದೇ ಭಾನುವಾರ ಸಮರ್ಥನ ಮುಂಜಿ. ಅಡುಗೆ ಬೇರೆ ಯಾರಿಗೂ ಕೊಡಬಾರದು, ಬದರಿಯೇ ಮಾಡಬೇಕು ಎಂದು ಅತ್ತಿಗೆಯೇ ಫೋನು ಮಾಡಿ ಹೇಳಿದ್ದರು.

ಮುಂಜಿಯಲ್ಲಿ ಮಾತೃಭೋಜನ ಅಂತಿದೆ. ಜನಿವಾರ ಹಾಕುವ ಮುಂಚೆ ಹುಡುಗ ಅಮ್ಮನ ಜೊತೆ ಕೂತು ಉಣ್ಣುವುದು. ಅತ್ತಿಗೆ ಮಣೆಯ ಮೇಲೆ ಕೂತು ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಸುತ್ತ ನೋಡಿದರು. ಬಾಗಿಲ ಹತ್ತಿರ ನೆಂಟರ ಹಿಂದೆ ರಕ್ಷಿತಾ ನಿಂತಿದ್ದಳು.

"ರಕ್ಷಿತಾ, ಅಲ್ಲೇನು ಮಾಡ್ತಿದೀಯ? ಬಾ, ಈ ಕಡೆ ಕೂತ್ಕೋ. ನೀನೂ ಒಂದು ತುತ್ತು ಹಾಕು," ಎಂದರು ಅತ್ತಿಗೆ, ಎಲ್ಲರಿಗೂ ಕೇಳುವಂತೆ.

ಪುರೋಹಿತರು ಏನೋ ಹೇಳಹೊರಟರು. ಅಣ್ಣ ಅವರ ಕಡೆ ಒಂದು ಸಲ ನೋಡಿದ. ಅವರು ಮಂತ್ರ ಮುಂದುವರಿಸಿದರು. ಆ ಎಲೆಗೆ ಪಾಯಸ ಬಡಿಸಿದ್ದು ನಾನು. ಸ್ವಲ್ಪ ಎಲೆಯ ಹೊರಗೂ ಬಿತ್ತು.

ಊಟದ ಪಂಕ್ತಿಯಲ್ಲಿ ಗಿರಿಜಾಂಬಾ ಅವರನ್ನು ಅಣ್ಣ ಮೊದಲನೇ ಎಲೆಗೇ ಕೂರಿಸಿದ್ದ. ಬಡಿಸುತ್ತ ಅವರ ಮುಂದೆ ಬಂದಾಗ ಏನಾದರೂ ಹೇಳಬೇಕೆಂದು ನಿಂತೆ. ಅವರು ಸಾರನ್ನ ಕಲಸಿ ಬಾಯಿಗಿಟ್ಟು, "ಭಟ್ರೇ, ಸಾರಿಗೆ ಉಪ್ಪು ಕಮ್ಮಿ," ಎಂದರು.

ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅಲ್ಲೇ ರಾದ್ಧಾಂತ ಆಗುತ್ತಿತ್ತು. ಹೌದು ಮೇಡಂ ಎಂದು ಒಪ್ಪಿಕೊಂಡು, ಉಪ್ಪು ತರಲು ನಾನೇ ಒಳಗೆ ಓಡಿದೆ.