ದೊಡ್ಡವ್ವನ ಕೂಗು ಕಲಿತ ಕೆಂಚ

ಕರೆದರೆ ಬರುವ ನಾಯಿ ಇದಾಗುವುದಿಲ್ಲ ಎಂದು ತೀರ್ಪು ಕೊಟ್ಟವರು ನಮ್ಮ ದೊಡ್ಡಪ್ಪ. ನಾನು ಡಿಗ್ರಿ ಮುಗಿಸುವುದಿಲ್ಲ ಎಂದವರೂ ಅವರೇ. ಎರಡನ್ನೂ ಒಪ್ಪದವಳು ಅವರ ಹೆಂಡತಿ, ನನ್ನ ದೊಡ್ಡವ್ವ ನಿಂಗಮ್ಮ. ಅಕ್ಕಿಹೆಬ್ಬಾಳಿನಲ್ಲಿ ಅವಳದು ಹೆಸರಾದ ಗಂಟಲು. ಬದುವಿನ ಮೇಲೆ ನಿಂತು ಕೂಗಿದರೆ ಹೊಳೆಯಾಚೆ ಬಟ್ಟೆ ಒಗೆಯುವವರು ತಲೆಯೆತ್ತುತ್ತಿದ್ದರು.

ಕೆಂಚ ಇನ್ನೂ ವರ್ಷ ತುಂಬದ ನಾಯಿ. ಅಳಿಲು ಕಂಡರೆ ಅಳಿಲು, ಕೌಜುಗ ಹಾರಿದರೆ ಕೌಜುಗ, ಒಣ ಎಲೆ ಉರುಳಿದರೂ ಅದರ ಹಿಂದೆಯೇ ಓಟ. ನಮ್ಮ ಹೊಲದ ಅಂಚಿಗೇ ರೈಲು ಹಳಿ. ಆಗಷ್ಟೇ ಹಳಿ ಅಗಲ ಮಾಡಿದ್ದರು, ರೈಲುಗಳು ಜೋರಾಗಿ ಬರುತ್ತಿದ್ದವು.

“ಇವತ್ತಲ್ಲ ನಾಳೆ ಗಾಲಿಗೆ ಸಿಕ್ತದೆ. ಅದ ನಮ್ಮ ಕಣ್ಣಲ್ಲಿ ನೋಡದು ಬ್ಯಾಡ. ಉಗಾದಿಯೊಳ್ಗೆ ಶೀಳನೆರೆ ಕಡೆಯೋರ್ಗೆ ಕೊಟ್ಬುಡು,” ಎಂದರು ದೊಡ್ಡಪ್ಪ.

“ನಾಯಿ ಸರ್ಯಾಗೈತೆ. ಕರೆಯೋರು ಸರಿಯಿಲ್ಲ ಕನ ಬುಡಿ,” ಎಂದಳು ದೊಡ್ಡವ್ವ.

ಮಾತು ನಿಜ. ನಮ್ಮ ಮನೆಯಲ್ಲಿ ಹೆಸರು ಹಿಡಿದು ಕೂಗುವುದೇ ಬೈಯಲಿಕ್ಕೆ. ಕೆಂಚಾ ಎಂದು ಕರೆಯುವುದು, ಬಂದರೆ ಎರಡು ಬಾರಿಸುವುದು, ಇಲ್ಲ ಗೂಟಕ್ಕೆ ಕಟ್ಟುವುದು. “ಕರ್ದು ಕರ್ದು ಕಟ್ಟಾಕುದ್ರೆ ಯಾವ ಜೀವ ಬಂದಾತು ಮಗ?” ಎಂದು ನನ್ನನ್ನು ಕೇಳಿದಳು.

ಅವಳು ಆ ಹೆಸರನ್ನೇ ಬಿಟ್ಟು, ‘ಊವೋ’ ಎಂಬ ಹೊಸ ಕೂಗು ಹುಟ್ಟಿಸಿದಳು. ಮೊದಲು ಅಂಗಳದಲ್ಲಿ, ಪಿಸುಮಾತಿನಷ್ಟೇ. ಬಂದ ಕೂಡಲೇ ಸೆರಗಿನ ಗಂಟಿನಿಂದ ಒಣ ಮೀನಿನ ಚೂರು. ಆಮೇಲೆ ಕುಯ್ದ ಗದ್ದೆಯಲ್ಲಿ, ಅದರ ಕೊರಳಿಗೆ ಬಾವಿಯ ಉದ್ದ ಹಗ್ಗ ಕಟ್ಟಿ. ಮೀನು ತಿನ್ನಿಸಿ, ತಲೆ ಸವರಿ, “ಓಗು, ಆಡ್ಕೋ ಓಗು,” ಎಂದು ಮತ್ತೆ ಬಿಟ್ಟುಬಿಡುವಳು.

“ಬಂದ ನಾಯ ವಾಪಸ್ ಓಡುಸ್ತೀಯಲ್ಲಮ್ಮಿ, ತಲೆ ಕೆಟ್ಟದಾ?” ಎಂದರು ದೊಡ್ಡಪ್ಪ.

“ಬಂದ್ರೆ ಆಟ ಮುಗೀತು ಅನ್ನಂಗಾಗ್ಬಾರ್ದು. ಅಂಗಾದ್ರೆ ಯಾಕ್ ಬಂದದು?”

ಕೆಂಚ ಅಳಿಲಿನ ಹಿಂದೆ ಬಿದ್ದಿರುವಾಗ ಮಾತ್ರ ಅವಳು ಕೂಗುತ್ತಿರಲಿಲ್ಲ. ತಾನೇ ನಡೆದುಹೋಗಿ ಹಗ್ಗ ಹಿಡಿದು ತರುವಳು. ಬಾರದು ಎಂದು ಗೊತ್ತಿದ್ದೂ ಕೂಗಿದರೆ ಕೂಗು ಹಳಸುತ್ತದೆ ಎನ್ನುವಳು.

ಆ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಕೆ.ಆರ್.ಪೇಟೆ ಕಾಲೇಜಿನಲ್ಲಿ ಫಲಿತಾಂಶ ನೋಡಿ ಬಂದವನು ಮನೆಯೊಳಗೆ ಹೋಗಲು ಹೆದರಿ ಜಗಲಿಯಲ್ಲೇ ಕುಳಿತಿದ್ದೆ. ದೊಡ್ಡವ್ವ ಬಿಸಿ ಮುದ್ದೆ, ಉಪ್ಸಾರು ತಂದಿಟ್ಟಳು. ತಟ್ಟೆ ಬರಿದಾದ ಮೇಲೆ, “ಓಗು, ಇನ್ನೊಂದ್ಸಲ ಬರಿ,” ಎಂದಳು. ನಾಯಿಗೆ ಹೇಳಿದ ದನಿಯಲ್ಲೇ.

ಉಗಾದಿಗೆ ಮುಂಚೆ ಒಂದು ಬೆಳಿಗ್ಗೆ ಕೆಂಚ ಕೌಜುಗದ ಹಿಂದೆ ಬಿದ್ದು ಹಳಿಯ ದಿಬ್ಬ ಹತ್ತುತ್ತಿತ್ತು. ತಿರುವಿನಲ್ಲಿ ರೈಲಿನ ಸದ್ದು. ಕೊರಳಲ್ಲಿ ಹಗ್ಗವಿರಲಿಲ್ಲ. ದೊಡ್ಡವ್ವ ಕೂಗಿದಳು, ಒಂದೇ ಸಲ. ಓಡುತ್ತಿದ್ದ ಕೆಂಚ ಮಣ್ಣು ಎಬ್ಬಿಸಿಕೊಂಡು ತಿರುಗಿತು. ರೈಲು ಹೋದಾಗ ಅದರ ಮೂತಿ ಅವಳ ಸೆರಗಿನಲ್ಲಿತ್ತು. ದೊಡ್ಡಪ್ಪ ಪೇಟ ಬಿಚ್ಚಿ ಮುಖ ಒರೆಸಿಕೊಂಡರು. ಶೀಳನೆರೆಯ ಮಾತು ಮತ್ತೆ ಎತ್ತಲಿಲ್ಲ.

ಮುಂದಿನ ಚಳಿಗಾಲಕ್ಕೆ ಅವಳ ಗಂಟಲು ಒಡೆಯಿತು. ಎಲೆಅಡಿಕೆ, ಹೊಗೆಸೊಪ್ಪಿನ ಬಾಯಿ. ನೆಗಡಿ ಎಂದೇ ತಿಳಿದಿದ್ದೆವು. ಮೈಸೂರಿನಲ್ಲಿ ಗಂಟಲ ಕ್ಯಾನ್ಸರ್ ಎಂದರು, ಆಪರೇಷನ್ ಮಾಡಿ ಜೀವ ಉಳಿಸಿ ಕಳಿಸಿದರು. ದನಿ ಅಲ್ಲೇ ಉಳಿಯಿತು. ಊರಿಗೆ ಬಂದ ಮಾರನೆಯ ದಿನ ಬದುವಿನ ಮೇಲೆ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು. ಕೆಂಚ ದೂರದಲ್ಲಿ ಬಿಲ ಕೆದರುತ್ತಲೇ ಇತ್ತು. ಅವಳು ಅತ್ತದ್ದನ್ನು ನಾನು ಕಂಡದ್ದು ಅಂದೊಂದೇ ದಿನ.

ಮತ್ತೆ ಅಂಗಳದಿಂದಲೇ ಶುರು ಮಾಡಿದಳು. ಈ ಸಲ ಕೂಗಿನ ಬದಲು ಚಪ್ಪಾಳೆ; ಅದೇ ಒಣ ಮೀನು, ಅದೇ ಬಾವಿಯ ಹಗ್ಗ. ಕೆಂಚ ಕಲಿಯಿತು. ಆದರೆ ಹೊಲದ ತನಕ ನಡೆಯುವ ಶಕ್ತಿ ಅವಳಲ್ಲಿ ಉಳಿಯಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ನೇರ ಅವಳ ಮಂಚದ ಬಳಿಗೆ ಹೋದೆ. ನಮ್ಮ ವಂಶಕ್ಕೆ ಮೊದಲನೆಯದು. ಅವಳ ಕೈಯಲ್ಲಿಟ್ಟು, ಓದು ಬಾರದವಳ ಎದುರು ಹೇಗೆ ನಿಲ್ಲಬೇಕೆಂದು ತಿಳಿಯದೆ ಬಾಗಿಲವರೆಗೆ ಹಿಂದೆ ಸರಿದೆ. ಅವಳು ಮುದ್ರೆಯ ಮೇಲೆ ಬೆರಳಾಡಿಸಿದಳು. ಅದನ್ನು ಎದೆಯ ಮೇಲಿಟ್ಟುಕೊಂಡು ಅಂಗೈಗೆ ಅಂಗೈ ತಾಗಿಸಿದಳು. ಸದ್ದು ಬಂತೋ ಇಲ್ಲವೋ. ಮಂಚದ ಕೆಳಗಿದ್ದ ಕೆಂಚ ಎದ್ದು ಬಂದು ತಲೆಯೊಡ್ಡಿತು. ಅವಳು ಅದರ ಕಡೆ ನೋಡದೆ ಮತ್ತೆ ಕೈ ತಾಗಿಸಿದಳು.

ಗೋಡೆಗೊರಗಿ ಕುಳಿತಿದ್ದ ದೊಡ್ಡಪ್ಪ ಹೇಳಿದರು: “ನಾಯ್ನಲ್ಲ ಕಣ್ಲಾ, ನಿನ್ನ ಕರೀತಾವ್ಳೆ. ಓಗು.”