ಕನ್ನಡಿಯಲ್ಲಿ ಬರೆದ ಕಣ್ಣು

ರೋಗದ ಹೆದರಿಕೆಗೆ ಹೋಟೆಲುಗಳೆಲ್ಲ ಮುಚ್ಚಿದ್ದ ಆ ವರ್ಷ ನಾವು ಪುಣೆಯ ಖಡಕಿ ಬಜಾರಿನಲ್ಲಿದ್ದೆವು. ಕೆಳಗೆ ನಮ್ಮ ಹೋಟೆಲು, ಅದರ ಮೇಲೆ ಎರಡು ಕೋಣೆಗಳ ನಮ್ಮ ಮನೆ. ನಾನು ಹುಟ್ಟಿದಾಗಿನಿಂದ ಅಪ್ಪನನ್ನು ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕಂಡಿರಲಿಲ್ಲ. ಬೆಳಗಿನ ಮೊದಲ ಪಾಳಿಗೆ ಹೋಗುವ ಫ್ಯಾಕ್ಟರಿಯವರಿಗೆ ಇಡ್ಲಿ ಸಿಗಬೇಕು ಎಂದು ಅವರು ಕತ್ತಲಲ್ಲೇ ಇಳಿದು ಹೋದರೆ, ಮೇಲೆ ಬರುವುದು ನಾನು ಮಲಗಿದ ಮೇಲೆಯೇ. ನಡುವೆ ಬೇಕಾದರೆ ನಾನೇ ಕೆಳಗಿಳಿದು, ದುಡ್ಡಿನ ಗಲ್ಲೆಯ ಪಕ್ಕದಲ್ಲಿ ನಿಂತು ಮಾತನಾಡಿಸಿ ಬರಬೇಕಿತ್ತು. ಹಾಗೆ ಇದ್ದ ಮನುಷ್ಯ ಇದ್ದಕ್ಕಿದ್ದಂತೆ ದಿನವಿಡೀ ಮನೆಯಲ್ಲಿ ಕೂರುವ ಹಾಗಾಯಿತು. ಕೆಲಸದವರು ಊರಿಗೆ ಹೋಗಿದ್ದರು. ಅಮ್ಮ ಮಾಡಿಕೊಟ್ಟ ನಾಲ್ಕು ಬಗೆಯ ತಿಂಡಿಯನ್ನು ಬೆಳಿಗ್ಗೆ ಸಂಜೆ ಅರ್ಧ ಬಾಗಿಲು ತೆರೆದು ಪಾರ್ಸೆಲ್ ಕೊಡುವುದಷ್ಟೇ ಉಳಿದಿತ್ತು. ಉಳಿದ ಹೊತ್ತಿನಲ್ಲಿ ಅಪ್ಪ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಆ ದಿನಗಳಲ್ಲೇ ನನಗೆ ಕಾಲೇಜಿನ ಗೆಳತಿಯೊಬ್ಬಳು ಒಂದು ಗೊಂಬೆ ಕೊಟ್ಟಳು. ಅವಳ ತಂದೆ ಮಿಲಿಟರಿಯಲ್ಲಿದ್ದರು. ಅವರಿಗೆ ಉತ್ತರದ ಯಾವುದೋ ಊರಿಗೆ ವರ್ಗವಾಗಿ ಮನೆ ಖಾಲಿ ಮಾಡುವಾಗ, ಅವಳು ಒಂದು ಉದ್ದನೆಯ ಪೆಟ್ಟಿಗೆ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟಳು. ಆಸೆಯಿಂದ ತರಿಸಿಕೊಂಡಿದ್ದಳಂತೆ, ಮುಖ ಬರೆಯುವ ಧೈರ್ಯ ಮಾತ್ರ ಬರಲಿಲ್ಲವಂತೆ. ನಾನು ಪುಸ್ತಕದ ಅಂಚುಗಳಲ್ಲೆಲ್ಲ ಹೆಂಗಸರ ಚಿತ್ರ ಬರೆಯುತ್ತಿದ್ದುದನ್ನು ನೋಡಿದ್ದಳಲ್ಲ, ಇದು ನಿನಗೇ ಸರಿ ಎಂದಳು. ಮಾಸ್ಕಿನೊಳಗೇ ಅತ್ತು ಹೋದಳು.

ಪೆಟ್ಟಿಗೆಯಲ್ಲಿದ್ದದ್ದು ನಾನು ಸಣ್ಣವಳಿದ್ದಾಗ ಆಡಿದ ಪ್ಲಾಸ್ಟಿಕ್ ಗೊಂಬೆಯಂಥದ್ದಲ್ಲ. ನನ್ನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ ಇತ್ತು, ಕೈಯಲ್ಲಿ ಹಿಡಿದರೆ ಭಾರ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಎಲ್ಲ ಕೀಲುಗಳಲ್ಲೂ ಗೋಲಿಯಂಥ ಒಂದೊಂದು ಗುಂಡು. ಮೈಯೊಳಗೆ ಬಿಗಿಯಾದ ಇಲಾಸ್ಟಿಕ್ ದಾರ ಹಾದು ಹೋಗಿ ಎಲ್ಲವನ್ನೂ ಹಿಡಿದುಕೊಂಡಿತ್ತು. ಕೂರಿಸಿದರೆ ಕೂರುತ್ತಿತ್ತು, ಕೈಯನ್ನು ಗಲ್ಲದ ಮೇಲೆ ಇಟ್ಟರೆ ಅಲ್ಲಿಯೇ ನಿಲ್ಲುತ್ತಿತ್ತು. ಮುಖ ಮಾತ್ರ ಬೋಳು. ಕೂದಲಿಲ್ಲ, ಹುಬ್ಬಿಲ್ಲ, ತುಟಿಗೆ ಬಣ್ಣವಿಲ್ಲ, ಕಣ್ಣಿರಬೇಕಾದಲ್ಲಿ ಎರಡು ತೂತು. ತಲೆಯ ಹಿಂಭಾಗ ಮುಚ್ಚಳದಂತೆ ಬಿಚ್ಚಿಕೊಳ್ಳುತ್ತಿತ್ತು. ಗಾಜಿನ ಕಣ್ಣುಗಳನ್ನು ಅಲ್ಲಿಂದ ಒಳಗೆ ಹಾಕಿ ಅಂಟಿನ ಮುದ್ದೆಯಿಂದ ಕೂರಿಸಬೇಕು.

ಅಮ್ಮ ನೋಡಿ, "ಅಯ್ಯೋ, ಇದನ್ನು ಮುಸುಕು ಹಾಕಿ ಇಡು ಮಾರಾಯ್ತಿ, ಹೆದರಿಕೆ ಆಗ್ತದೆ" ಎಂದಳು.

ಹೇಗೆ ಬರೆಯಬೇಕು ಎಂಬುದನ್ನು ಫೋನಿನಲ್ಲಿ ನೋಡಿ ನೋಡಿ ಕಲಿತೆ. ಮೊದಲು ಸೋಪಿನ ನೀರಿನಲ್ಲಿ ತಲೆಯನ್ನು ತೊಳೆದು ಒಣಗಿಸಬೇಕು. ಆಮೇಲೆ ಬಣ್ಣ ಹಿಡಿಯಲೆಂದು ಹೊಳಪಿಲ್ಲದ ವಾರ್ನಿಶನ್ನು ಸಿಂಪಡಿಸಬೇಕು. ಕೆನ್ನೆಗೆ, ರೆಪ್ಪೆಗೆ ಒಣ ಬಣ್ಣದ ಪುಡಿ. ಹುಬ್ಬು, ರೆಪ್ಪೆಗೂದಲು, ತುಟಿಯ ಗೆರೆಗಳಿಗೆ ತೀರಾ ಸಪೂರ ಬ್ರಶ್. ಕೊನೆಗೆ ಮತ್ತೆ ವಾರ್ನಿಶ್. ಕೇಳಲು ಸುಲಭ. ಆದರೆ ಅದು ಪುಣೆಯ ಜುಲೈ ತಿಂಗಳು. ಗಾಳಿಯಲ್ಲೆಲ್ಲ ತೇವ. ಟೆರೇಸಿನ ತಗಡಿನ ಕೆಳಗೆ ನಿಂತು ಸಿಂಪಡಿಸಿದ ವಾರ್ನಿಶ್ ಮುಖದ ಮೇಲೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಯಿತು. ಎಲ್ಲ ಒರೆಸಿ, ಬಿಸಿಲು ಬಿದ್ದ ಒಂದು ದಿನಕ್ಕೆ ಕಾದು ಮತ್ತೆ ಹಚ್ಚಿದೆ. ಅದು ಸರಿಹೋಯಿತು. ಹುಬ್ಬಿಗೆ ಬಂದು ಸಿಕ್ಕಿಕೊಂಡೆ. ಬಲಗಡೆಯದು ಚೆನ್ನಾಗಿ ಬಂದರೆ ಎಡಗಡೆಯದು ಕಂಬಳಿಹುಳು. ಎಡಗಡೆಯದನ್ನು ತಿದ್ದಿದರೆ ಎರಡೂ ಬೇರೆ ಬೇರೆ ಹುಡುಗಿಯರವು. ಒದ್ದೆ ಹತ್ತಿಯಿಂದ ಒರೆಸುವುದು, ಮತ್ತೆ ಬರೆಯುವುದು, ಇದರಲ್ಲೇ ವಾರ ಕಳೆಯಿತು.

ಒಂದು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೆ. ಅಪ್ಪ ಚಹಾದ ಲೋಟ ಹಿಡಿದುಕೊಂಡು ನನ್ನ ಬೆನ್ನ ಹಿಂದೆ ಯಾವಾಗ ಬಂದು ನಿಂತರೋ ತಿಳಿಯಲಿಲ್ಲ.

"ಹುಬ್ಬಿನ ತುದಿ ಅಷ್ಟು ಕೆಳಗೆ ಇಳಿಸಬೇಡ" ಎಂದರು. "ಅಳುವ ಮುಖ ಆಗ್ತದೆ. ಮೂಗಿನ ಹತ್ತಿರ ದಪ್ಪ ಬೇಡ. ಅಲ್ಲಿ ದಪ್ಪ ಆದ್ರೆ ರಕ್ಕಸಿ."

"ನಿಮಗೆ ಹೇಗೆ ಗೊತ್ತು ಅಪ್ಪಾ?"

ಅವರು ಲೋಟ ಕೆಳಗಿಟ್ಟು ಬ್ರಶ್ ಕೇಳಿದರು. ಅದನ್ನು ಹಿಡಿದ ರೀತಿಯಲ್ಲೇ ನನಗೆ ಏನೋ ಬೇರೆ ಅನ್ನಿಸಿತು. ಬಿಲ್ಲು ಬರೆಯುವಾಗ ಪೆನ್ನು ಹಿಡಿಯುವ ಹಾಗಿರಲಿಲ್ಲ ಅದು. ಎರಡು ಬೆರಳ ತುದಿಯಲ್ಲಿ, ಕಿರುಬೆರಳನ್ನು ಗೊಂಬೆಯ ಕೆನ್ನೆಗೆ ಊರಿ ಹಿಡಿದಿದ್ದರು. ಆದರೆ ಬರೆದದ್ದು ಪೂರ್ತಿ ಕೆಟ್ಟುಹೋಯಿತು. ಕೈ ಮೇಲೆ ಹೋಗಬೇಕಾದಲ್ಲಿ ಒಳಗೆ ಎಳೆಯಿತು. ಒರೆಸಿ ಮತ್ತೆ ನೋಡಿದರು, ಮತ್ತೂ ಕೆಟ್ಟಿತು. ಸ್ವಲ್ಪ ಹೊತ್ತು ಗೊಂಬೆಯನ್ನು ಆಚೆ ಈಚೆ ತಿರುಗಿಸಿ ಕೂತಿದ್ದವರು, "ಇದು ನನ್ನ ಎದುರಿಗೆ ಉಂಟಲ್ಲ, ಅದಕ್ಕೇ ಆಗುದಿಲ್ಲ" ಎಂದರು. "ನಾನು ಬರ್ದದ್ದೆಲ್ಲ ನನ್ನ ಮುಖಕ್ಕೆ. ಕನ್ನಡಿ ನೋಡಿ."

ಹಾಗೆ ನನಗೆ ಗೊತ್ತಾಯಿತು. ಮದುವೆಗೆ ಮೊದಲು, ಪುಣೆಗೆ ಬರುವುದಕ್ಕೂ ಮೊದಲು, ಅಪ್ಪ ಊರಿನ ಕಡೆ ಯಕ್ಷಗಾನ ಮೇಳದಲ್ಲಿದ್ದರು. ಸ್ತ್ರೀವೇಷ ಮಾಡುತ್ತಿದ್ದರು. ಮೇಳದೊಂದಿಗೆ ಮೂರು ವರ್ಷ ಊರೂರು ತಿರುಗಾಟ ಮಾಡಿದ ಮೇಲೆ, ಖಡಕಿಯಲ್ಲಿ ಹೋಟೆಲಿಟ್ಟಿದ್ದ ಅವರ ಸೋದರಮಾವ ಕರೆಸಿಕೊಂಡರು. ಕರೆಸಿಕೊಂಡ ದಿನವೇ ಒಂದು ಮಾತು ಹೇಳಿದರಂತೆ. ಗಲ್ಲೆಯ ಮೇಲೆ ಕೂರುವವನು ಸೀರೆ ಉಟ್ಟು ಕುಣಿದದ್ದು ಗಿರಾಕಿಗಳಿಗೆ ಗೊತ್ತಾಗುವುದು ಬೇಡ, ಮರ್ಯಾದೆ ಇರುವುದಿಲ್ಲ ಎಂದು. ಅಪ್ಪ ಅದನ್ನು ಅಷ್ಟು ಗಟ್ಟಿಯಾಗಿ ಪಾಲಿಸಿದರೆಂದರೆ, ಮಾವ ತೀರಿಕೊಂಡು ಹೋಟೆಲು ಇವರದೇ ಆದ ಮೇಲೂ ಬಾಯಿ ಬಿಟ್ಟಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ.

"ಕನ್ನಡಿ ತಾ" ಎಂದರು.

ಗೋಡೆಯ ಕನ್ನಡಿಯನ್ನು ಕಿತ್ತು ತಂದು ಕಿಟಕಿಗೆ ಒರಗಿಸಿದೆ. ಅಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮನ ಕಾಡಿಗೆ ಡಬ್ಬಿಯನ್ನು ಪಕ್ಕದಲ್ಲಿ ಇಟ್ಟುಕೊಂಡರು. ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ತುದಿಯನ್ನು ಹಲ್ಲಿನಿಂದ ಜಗಿದು ಮೆದು ಮಾಡಿದರು. ಮೇಳದಲ್ಲಿ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಲ್ಲಿ ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು, ಒಂದೊಂದು ಕನ್ನಡಿ ಹಿಡಿದು, ಯಾರೊಂದಿಗೂ ಮಾತಿಲ್ಲದೆ ಬರೆದುಕೊಳ್ಳುತ್ತಿದ್ದರಂತೆ. ಅಪ್ಪನೂ ಹಾಗೆಯೇ ತಮ್ಮ ಮುಖಕ್ಕೆ ಬರೆದುಕೊಳ್ಳತೊಡಗಿದರು. ಹುಬ್ಬಿನ ಮೇಲೆ ಇನ್ನೊಂದು ಹುಬ್ಬು ಎದ್ದಿತು, ತೆಳುವಾಗಿ, ನಡುವಿನಲ್ಲಿ ತುಸು ಬಾಗಿ. ಕೆಳರೆಪ್ಪೆಯ ಗೆರೆ ಒಳಗಿನ ಮೂಲೆಯಿಂದ ಹೊರಟು, ಕಣ್ಣು ಮುಗಿದಲ್ಲಿ ನಿಲ್ಲದೆ ಕಿವಿಯ ಕಡೆಗೆ ಇಷ್ಟುದ್ದ ಸಾಗಿ, ಮೇಲಿನ ಗೆರೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ನಾನು ಪಕ್ಕದಲ್ಲಿ ಗೊಂಬೆಯ ತಲೆ ಹಿಡಿದುಕೊಂಡು, ಅವರ ಮುಖ ನೋಡಿ ನೋಡಿ ಬರೆಯುತ್ತಿದ್ದೆ. ಅವರು ಒಂದು ಗೆರೆ ಎಳೆದರೆ ನಾನೂ ಒಂದು ಗೆರೆ.

ಬರೆದು ಮುಗಿದ ಮೇಲೆ ಅಪ್ಪ ನರೆತ ಮೀಸೆಯನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. ಕತ್ತನ್ನು ಸ್ವಲ್ಪ ವಾಲಿಸಿ, ಕಣ್ಣನ್ನು ಕೆಳಗಿಂದ ಮೇಲಕ್ಕೆ ಎತ್ತಿದರು. ಅಷ್ಟೇ. ನನ್ನೆದುರು ಬೇರೆ ಯಾರೋ ಕೂತಿದ್ದರು. ಇಪ್ಪತ್ತರ ಒಬ್ಬಳು ಹೆಂಗಸು, ಏನನ್ನೋ ಕೇಳಲು ಬಂದು ಕೇಳದೆ ನಿಂತವಳು. ಇಷ್ಟು ವರ್ಷ ಈಕೆ ನಮ್ಮ ಗಲ್ಲೆಯ ಹಿಂದೆ ಚಿಲ್ಲರೆ ಎಣಿಸುತ್ತ ಕೂತಿದ್ದಳೇ ಅನ್ನಿಸಿತು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು. ಹುಡುಗಿಯಾಗಿದ್ದಾಗ ಅಕ್ಕನ ಊರಿನಲ್ಲಿ ಮೇಳದ ಆಟ ನೋಡಲು ಹೋಗಿ, ಆ ವೇಷದವಳ ಸೀರೆಯ ನೆರಿಗೆ ಎಷ್ಟು ಚಂದ ಎಂದುಕೊಂಡು ಬಂದಿದ್ದಳಂತೆ. ಮುಂದೆ ತನ್ನನ್ನು ನೋಡಲು ಬಂದ ವರ ಅದೇ ವೇಷದವನೆಂದು ತಿಳಿದಾಗ ನಕ್ಕಿದ್ದಳಂತೆ.

"ಮದುವೆ ದಿನ ಇಷ್ಟು ಚಂದ ಇರ್ಲಿಲ್ಲ ನೀವು" ಎಂದಳು ಅಮ್ಮ.

"ಮದುವೆ ದಿನ ಬಣ್ಣ ಹಚ್ಚಲಿಕ್ಕೆ ಯಾರು ಬಿಟ್ರು ನನ್ನನ್ನು?"

ಅಷ್ಟರಲ್ಲಿ ಕೆಳಗೆ ಬಾಗಿಲು ಬಡಿದ ಸದ್ದು. ಪಾರ್ಸೆಲ್ಲಿಗೆ ಯಾರೋ ಬಂದಿದ್ದರು. ಕಾಡಿಗೆ ಒರೆಸಲು ಅಮ್ಮ ಎಣ್ಣೆ ತರಲು ಹೋದಳು. ಅಪ್ಪ ಎದ್ದು ನಿಂತು ಒಂದು ಕ್ಷಣ ಕನ್ನಡಿಯನ್ನು ನೋಡಿದರು. ಆಮೇಲೆ ಮಾಸ್ಕನ್ನು ಕಿವಿಗೆ ಸಿಕ್ಕಿಸಿಕೊಂಡು ಹಾಗೆಯೇ ಇಳಿದುಹೋದರು. ನಾನು ಹಿಂದೆಯೇ ಓಡಿದೆ.

ಬಂದಿದ್ದವರು ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರು. ವಿಜಯಪುರದ ಕಡೆಯವರು. ವರ್ಷಗಟ್ಟಲೆ ನಮ್ಮಲ್ಲಿ ಬೆಳಗಿನ ಚಹಾ ಕುಡಿದವರು. ಅಪ್ಪ ಉಪ್ಪಿಟ್ಟಿನ ಪೊಟ್ಟಣ ಕಟ್ಟಿ ಮುಂದೆ ಚಾಚಿದಾಗ ಅವರು ಕೈ ಚಾಚದೆ ನೋಡುತ್ತ ನಿಂತರು. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಕಣ್ಣು ಮಾತ್ರ.

"ಅಣ್ಣಾರ, ಇವತ್ತ ಕಣ್ಣು ಭಾಳ ಚಂದ ಕಾಣಾಕತ್ತಾವಲ್ರಿ" ಎಂದರು.

ಅಪ್ಪ ಏನಾದರೂ ನೆಪ ಹೇಳುತ್ತಾರೆ ಎಂದುಕೊಂಡೆ. ಮಗಳ ಆಟ ಅನ್ನಬಹುದಿತ್ತು, ಕಣ್ಣಿಗೆ ಔಷಧ ಅನ್ನಬಹುದಿತ್ತು.

"ಮೇಳದಲ್ಲಿ ಸ್ತ್ರೀವೇಷ ಮಾಡ್ತಿದ್ದೆ, ಮೊದಲು. ಮಗಳಿಗೆ ತೋರಿಸಿದ್ದು" ಎಂದರು ಅಪ್ಪ. ಧ್ವನಿ ಸಣ್ಣಗಿತ್ತು.

ಆ ಹಿರಿಯರು ಪೊಟ್ಟಣ ತೆಗೆದುಕೊಂಡು ಹೋಗಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ದೂರ ಸರಿದು ಕೂತರು. "ನಮ್ಮೂರಾಗ ಸಣ್ಣಾಟದಾಗ ನಮ್ಮ ಕಾಕಾ ಹೆಣ್ಣಿನ ಪಾರ್ಟ್ ಮಾಡ್ತಿದ್ರು ನೋಡ್ರಿ. ಮನ್ಯಾಗ ಅವರ ಹೆಸರು ತಗೋತಿದ್ದಿಲ್ಲ. ಅಂವಾ ಸೀರಿ ಉಟ್ಟಾಂವ ಅಂತಿದ್ರು. ನಾ ಸಣ್ಣಾಂವ, ಕದ್ದು ಹೋಗಿ ನೋಡ್ತಿದ್ದೆ. ಹಿಂಗಽ ಇತ್ರಿ ಕಣ್ಣು, ಹಿಂಗಽ." ಪೊಟ್ಟಣವನ್ನು ಪಕ್ಕದಲ್ಲಿ ಇಟ್ಟು, "ಇಷ್ಟ ದಿನ ಯಾಕ ಹೇಳಿಲ್ರಿ?" ಎಂದು ಕೇಳಿದರು.

"ಯಾರೂ ಕೇಳ್ಲಿಲ್ಲ" ಎಂದರು ಅಪ್ಪ.

ಮರುದಿನವೂ ಆ ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. ಅವತ್ತು ಅಪ್ಪ ಒಂದು ಪದ್ಯದ ಎರಡು ಸಾಲನ್ನು ಮೆಲ್ಲಗೆ ಹಾಡಿದ್ದು ನಮಗೆ ಮೇಲಿನವರೆಗೂ ಕೇಳಿಸಿತು. ಮುಂದಿನ ಸಾಲು ಮರೆತುಹೋಗಿತ್ತು. ನಡುವೆ ನಿಲ್ಲಿಸಿ ಇಬ್ಬರೂ ನಕ್ಕರು.

ಗೊಂಬೆಯ ಕೆಲಸ ಮುಂದುವರಿಯಿತು. ಕೆನ್ನೆಗೆ ಬಣ್ಣದ ಪುಡಿಯನ್ನು ಉದುರಿಯೂ ಉದುರದ ಹಾಗೆ ಹಾಕುವುದನ್ನು ನಾನೇ ಕಲಿತೆ. ತುಟಿಗೆ ಕಡುಗೆಂಪು ಬೇಕು ಎಂದು ಅಪ್ಪ, ಬೇಡ ಎಂದು ನಾನು. ದೂರದಲ್ಲಿ ಕೂತವರಿಗೆ ಕಾಣಬೇಡವೇ ಎಂದು ಅವರು ವಾದಿಸಿದರು. ಇದನ್ನು ಕೈಯಲ್ಲಿ ಹಿಡಿದು ನೋಡುವುದು ಅಪ್ಪಾ, ದೂರದಲ್ಲಿ ಯಾರೂ ಕೂತಿರುವುದಿಲ್ಲ ಎಂದೆ. ಆ ಮಾತಿಗೆ ಅವರು ಒಪ್ಪಿದರು, ಆದರೆ ಮುಖ ಸಪ್ಪೆಯಾಯಿತು. ಕೂದಲಿಗೆ ಅಮ್ಮನ ಹಳೆಯ ಚೌರಿ ಕತ್ತರಿಸಿ, ಎಳೆ ಎಳೆಯಾಗಿ ಬಟ್ಟೆಯ ಟೋಪಿಗೆ ಅಂಟಿಸಿದೆವು. ಬ್ಲೌಸ್ ಪೀಸಿನ ಅಂಚಿನಿಂದ ಅಮ್ಮ ಸೀರೆ ಮಾಡಿದಳು. ನೆರಿಗೆ ಹಿಡಿಸಲು ಮಾತ್ರ ಅವಳಿಗೆ ಬಿಡದೆ ಅಪ್ಪನೇ ಕೂತರು. ಬೆರಳಗಲದ ನೆರಿಗೆಗಳನ್ನು ಒಂದರ ಮೇಲೊಂದು ಇಟ್ಟು ಉಗುರಿನಿಂದ ತೀಡಿ ಕೂರಿಸಿದರು. ಎಡಹುಬ್ಬು ಬಲಹುಬ್ಬಿಗಿಂತ ಕೂದಲೆಳೆಯಷ್ಟು ಮೇಲೇ ಉಳಿಯಿತು. ತಿದ್ದಲು ಹೋದಾಗ ಅಪ್ಪ ಕೈ ಹಿಡಿದರು. "ಇರ್ಲಿ ಬಿಡು. ಅವಳು ಎಂತದೋ ಯೋಚನೆ ಮಾಡ್ತಾ ಇದ್ದಾಳೆ."

ಈಗ ನಾನು ಬೇರೆಯವರ ಗೊಂಬೆಗಳಿಗೂ ಮುಖ ಬರೆದುಕೊಡುತ್ತೇನೆ. ಕೈ ಪಳಗಿದೆ, ಹುಬ್ಬು ಒಂದೇ ಸಲಕ್ಕೆ ಬರುತ್ತದೆ. ಆದರೂ ಆ ಮಳೆಗಾಲದ ಮಧ್ಯಾಹ್ನಗಳು ನೆನಪಾದರೆ, ಅಷ್ಟು ನಿಧಾನವಾದ ಹೊತ್ತು ನಮ್ಮ ಮನೆಗೆ ಮತ್ತೆ ಬರಲಿಲ್ಲವಲ್ಲ ಅನ್ನಿಸುತ್ತದೆ. ಹೋಟೆಲು ತೆರೆಯಿತು, ಕೆಲಸದವರು ಮರಳಿದರು, ಅಪ್ಪ ಮತ್ತೆ ಕತ್ತಲಲ್ಲಿ ಇಳಿದು ಹೋಗತೊಡಗಿದರು. ಲೋಕವೆಲ್ಲ ಹೆದರಿದ್ದ ಕಾಲವನ್ನು ನೆನೆದು ಹಂಬಲಿಸುವುದು ಸರಿಯೋ ತಪ್ಪೋ ಗೊತ್ತಿಲ್ಲ. ನಾನು ಹಂಬಲಿಸುತ್ತೇನೆ.

ಕಳೆದ ಚಳಿಗಾಲದಲ್ಲಿ ಇಂಥ ಗೊಂಬೆಗಳನ್ನು ಇಟ್ಟುಕೊಂಡ ನಾವೊಂದಿಷ್ಟು ಜನ ಒಂದು ಉದ್ಯಾನದಲ್ಲಿ ಸೇರಿದ್ದೆವು. ಹೋಟೆಲಿಗೆ ರಜೆಯ ದಿನ, ಅಪ್ಪನೂ ಬಂದರು. ವಾಕಿಂಗಿಗೆ ಬಂದಿದ್ದ ಒಬ್ಬರು ಮರಾಠಿ ಅಜ್ಜಿ ನಮ್ಮ ಗೊಂಬೆಯ ಮುಂದೆ ನಿಂತು, ಇವಳು ನಿಮ್ಮ ಮಗಳ ಹಾಗಿಲ್ಲ, ಯಾರ ಹಾಗೆ ಮಾಡಿದ್ದು ಎಂದು ಅಪ್ಪನನ್ನು ಕೇಳಿದರು.

"ಮೀಚ್" ಎಂದರು ಅಪ್ಪ. ನಾನೇ ಎಂದು.

ಅಜ್ಜಿ ಅಪ್ಪನ ಬೋಳುತಲೆ, ಮೀಸೆ, ಹೊಟ್ಟೆಯನ್ನು ಒಮ್ಮೆ ನೋಡಿ, ಗೊಂಬೆಯನ್ನು ನೋಡಿ, ಸುಳ್ಳು ಹೇಳುವ ವಯಸ್ಸಲ್ಲವಲ್ಲ ನಿಮ್ಮದು ಎಂದು ಮುಂದೆ ನಡೆದರು. ಅಪ್ಪ ಬೆಂಚಿನ ಮೇಲೆ ಕೂತು, ಗಾಳಿಗೆ ಹಾರಿದ ಗೊಂಬೆಯ ಸೆರಗನ್ನು ಎರಡು ಬೆರಳಿನಿಂದ ಎಳೆದು ಸರಿಮಾಡಿದರು.