ಆರನೆಯ ಹಾಡು

ಫೋರ್ಟ್ ವರ್ತ್‌ನಲ್ಲಿ ಸೈಲೆನ್ಸರ್ ರಿಪೇರಿ ಅಂಗಡಿ ಇಟ್ಟಿರುವ ಲಾನಿ ಹ್ಯಾಗರ್ಟಿಯ ಪ್ರಕಾರ, ಊರಿನ ಹುಡುಗರು ಮೂವತ್ತು ವರ್ಷದ ಹಿಂದೆ ಮಾಡಿದ, ಗಿಟಾರು-ಡ್ರಮ್ಮಿನ ಅಬ್ಬರದ ಗ್ರೂವ್ ಮೆಟಲ್ ಆಲ್ಬಮ್ಮಿನಲ್ಲಿ ಹನ್ನೊಂದು ಹಾಡು ಬಂಗಾರ, ಆರನೆಯದೊಂದು ಕಸ. ಆರನೆಯದು ನಿಧಾನದ, ಅಳುವ ಹಾಡು. “ಗಂಡಸಿಗೆ ಅಳು ಬಂದ್ರೆ ಟ್ರಕ್ಕಲ್ಲಿ ಕೂತು ಅಳ್ಬೇಕಪ್ಪಾ, ರೆಕಾರ್ಡಲ್ಲಲ್ಲ” ಎಂಬ ತೀರ್ಪನ್ನು ಅವನು ಪ್ರತಿ ಗಿರಾಕಿಗೂ, ಕೇಳದಿದ್ದರೂ, ಕೊಡುತ್ತಾನೆ. ಆಲ್ಬಮ್ಮನ್ನು ಮನೆಯೊಳಗೆ ಕೇಳುವುದು ಪಾಪ. ಪಿಕಪ್ ಟ್ರಕ್ಕಿನಲ್ಲೇ ಕೇಳಬೇಕು, ಕನ್ನಡಿ ನಡುಗಬೇಕು, ಆರನೆಯ ಹಾಡು ಬಂದೊಡನೆ ಕೆಳಗಿಳಿದು ಟೈರಿನ ಗಾಳಿ ನೋಡಬೇಕು. ಹೀಗಾಗಿ ಇಡೀ ಟೆಕ್ಸಸ್ಸಿನಲ್ಲಿ ಅವನ ಟೈರುಗಳಷ್ಟು ಆರೋಗ್ಯವಾದ ಟೈರುಗಳಿರಲಿಲ್ಲ. ಈ ವರ್ಷ ಮಾತ್ರ ಅವು ಸೊರಗಿವೆ. ಸುತ್ತಿಗೆಯ ಸದ್ದಿಗೂ ಹಾಡಿನ ಸದ್ದಿಗೂ ಒಡ್ಡಿ ಒಡ್ಡಿ ಲಾನಿಯ ಕಿವಿ ಎರಡೂ ಹೋಗಿವೆ; ಈಗ ಅವನು ಟ್ರಕ್ಕಿನ ಬಾಗಿಲಿಗೆ ಅಂಗೈ ಒತ್ತಿ ಹಾಡು ಕೇಳುತ್ತಾನೆ. ಅಬ್ಬರದ ಹನ್ನೊಂದು ಹಾಡುಗಳೂ ಅಂಗೈಗೆ ಒಂದೇ ನಡುಕ. ನಿಧಾನದ ಆರನೆಯದೊಂದೇ ಪೆಟ್ಟು ಪೆಟ್ಟಾಗಿ, ಬಿಡಿಸಿ ಹೇಳಿದ ಹಾಗೆ ಬರುತ್ತದೆ. ಅದನ್ನೇ ಮೂರನೇ ಸಲ ಹಾಕಿಕೊಂಡು ಕೂತಿದ್ದಾಗ ಹೆಂಡತಿ ಡಾರ್ಲಾ ಚೀಟಿಯ ಮೇಲೆ ಬರೆದು ಹಿಡಿದಳು: “ಕಸ ಅಂತಿದ್ದೆಯಲ್ಲೋ?” “ಕಸವೇ,” ಎಂದ ಲಾನಿ, ಬಾಗಿಲಿನಿಂದ ಕೈ ತೆಗೆಯದೆ. “ಎಲ್ಲಿ ತಪ್ಪಿದಾರೆ ಅಂತ ಹುಡುಕ್ತಾ ಇದೀನಿ. ಗಲಾಟೆ ಮಾಡ್ಬೇಡ.”